ಅಡ್ಮಿಷನ್ ಫಾರಂನ ಎರಡು ಕಾಲಂ: ಗಡಿನಾಡಿನ ನಮ್ಮ ಮಕ್ಕಳಿಗೆ ಮಾತೃಭಾಷಾ ಶಿಕ್ಷಣದ ಹಕ್ಕು ಎಲ್ಲಿಂದ ಬರುತ್ತದೆ?

ಜೂನ್ ಬಂತೆಂದರೆ ಮಳೆಯೂ ಶಾಲೆಯೂ ಒಟ್ಟಿಗೆ ಶುರು. ಅದಕ್ಕೆ ಮೊದಲೇ ಒಂದನೇ ತರಗತಿಯ ಅಡ್ಮಿಷನ್ ಗಡಿಬಿಡಿ. ಮಗುವಿನ ಹೆಸರು, ಹುಟ್ಟಿದ ದಿನಾಂಕ, ಆಧಾರ್ ನಂಬರ್ ಎಲ್ಲವನ್ನೂ ಎರಡೆರಡು ಸಲ ನೋಡಿ ಬರೆಯುತ್ತೇವೆ. ಆದರೆ ಅದೇ ಫಾರಂನಲ್ಲಿ ಎರಡು ಸಣ್ಣ ಕಾಲಂಗಳಿರುತ್ತವೆ. ಒಂದು 'ಮಾತೃಭಾಷೆ', ಇನ್ನೊಂದು 'ಕಲಿಕೆಯ ಮಾಧ್ಯಮ'. ಇವನ್ನು ಹೆಚ್ಚಿನವರು ಯೋಚಿಸದೆಯೇ ತುಂಬಿಸುತ್ತಾರೆ. ಕೆಲವರು ಖಾಲಿ ಬಿಡುತ್ತಾರೆ. "ಟೀಚರ್ ಬರೆದುಕೊಳ್ಳಲಿ" ಅಂತ ಸಹಿ ಹಾಕಿ ಬರುವವರೂ ಇದ್ದಾರೆ.

ಮಂಗಳೂರಿನಲ್ಲಿರುವವರಿಗೆ ಇದು ದೊಡ್ಡ ವಿಷಯ ಅನಿಸಲಿಕ್ಕಿಲ್ಲ. ಆದರೆ ತಲಪಾಡಿ ದಾಟಿ ಮಂಜೇಶ್ವರ, ಉಪ್ಪಳ, ಕುಂಬಳೆ, ಬದಿಯಡ್ಕ ಕಡೆ ಇರುವ ನಮ್ಮವರಿಗೆ ಈ ಎರಡು ಕಾಲಂಗಳೇ ಒಂದು ಶಾಲೆಯ ಹಣೆಬರಹ. ಅಲ್ಲಿ ಕನ್ನಡ ಅಲ್ಪಸಂಖ್ಯಾತರ ಭಾಷೆ. ಬ್ಯಾರಿ ಮನೆಯ ಮಗು ಅಲ್ಲಿ ಇನ್ನೂ ಒಂದು ಮೆಟ್ಟಿಲು ಕೆಳಗೆ. ಮನೆಯ ಬ್ಯಾರಿ ಶಾಲೆಯಲ್ಲಿಲ್ಲ, ಶಾಲೆಯ ಕನ್ನಡ ಸರಕಾರಿ ಕಚೇರಿಯಲ್ಲಿಲ್ಲ. ಈ ಮಗುವಿಗೆ ಕಾನೂನು ಏನು ಕೊಟ್ಟಿದೆ, ಅದು ಎಲ್ಲಿ ಸೋರಿಹೋಗುತ್ತಿದೆ, ಅದನ್ನು ಹಿಡಿದುಕೊಳ್ಳುವುದು ಹೇಗೆ ಎಂಬುದನ್ನು ಒಂದೊಂದಾಗಿ ನೋಡೋಣ.

ಒಂದೇ ದಿನದಲ್ಲಿ ಅಲ್ಪಸಂಖ್ಯಾತರಾದವರು

1956ರ ನವೆಂಬರ್ 1ಕ್ಕೆ ಮೊದಲು ಕಾಸರಗೋಡು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಮಂಗಳೂರು ಅದರ ಜಿಲ್ಲಾ ಕೇಂದ್ರ. ಭಾಷಾವಾರು ರಾಜ್ಯಗಳು ಆದಾಗ ಜಿಲ್ಲೆಯ ಉಳಿದ ಭಾಗ ಅಂದಿನ ಮೈಸೂರು ರಾಜ್ಯಕ್ಕೆ ಬಂತು, ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. ಜನ ತಮ್ಮ ಮನೆ ಬಿಟ್ಟು ಎಲ್ಲಿಗೂ ಹೋಗಲಿಲ್ಲ. ಗಡಿ ಬಂದು ಅವರ ಮನೆಯ ಆಚೆ ಬದಿಗೆ ಕೂತಿತು. ಹಿಂದಿನ ದಿನದವರೆಗೆ ದಕ್ಷಿಣ ಕನ್ನಡದ ಶಾಲೆಯಲ್ಲಿ ಕನ್ನಡದಲ್ಲಿ ಓದುತ್ತಿದ್ದ ಮಗು ಮರುದಿನ ಕೇರಳದಲ್ಲಿ ಅಲ್ಪಸಂಖ್ಯಾತ ಭಾಷೆಯ ವಿದ್ಯಾರ್ಥಿಯಾಯಿತು.

ಮುಂದೆ 1966ರಲ್ಲಿ ಮಹಾಜನ್ ಆಯೋಗ ನೇಮಕವಾಯಿತು. ಚಂದ್ರಗಿರಿ–ಪಯಸ್ವಿನಿ ನದಿಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕು ಎಂದು ಅದು 1967ರಲ್ಲಿ ವರದಿ ಕೊಟ್ಟಿತು. ವರದಿ ಜಾರಿಯಾಗಲಿಲ್ಲ. ಅಂದಿನಿಂದ ಗಡಿ ಯಾವುದು ಎಂಬ ಚರ್ಚೆ ಒಂದು ಕಡೆ ನಡೆಯುತ್ತಲೇ ಇದೆ. ಆದರೆ ಶಾಲೆಗೆ ಹೋಗುವ ಮಗು ಆ ಚರ್ಚೆ ಮುಗಿಯುವವರೆಗೆ ಕಾಯಲು ಸಾಧ್ಯವಿಲ್ಲ. ಅದಕ್ಕೆ ಇವತ್ತಿನ ಕಾನೂನಿನೊಳಗೆ, ಇವತ್ತಿನ ರಾಜ್ಯದೊಳಗೆ ಏನು ಸಿಗುತ್ತದೆ ಎಂಬುದೇ ಮುಖ್ಯ.

ಎರಡು ಬಗೆಯ ಅಲ್ಪಸಂಖ್ಯಾತರು

ಅಲ್ಪಸಂಖ್ಯಾತ ಎಂದ ಕೂಡಲೇ ನಮ್ಮ ಯುವಕರಿಗೆ ನೆನಪಾಗುವುದು ಧರ್ಮ. ಸ್ಕಾಲರ್‌ಶಿಪ್ ಅರ್ಜಿ, ಅಲ್ಪಸಂಖ್ಯಾತರ ನಿಗಮದ ಸಾಲ, ಎಲ್ಲವೂ ಆ ಲೆಕ್ಕದ್ದು. ಸಂವಿಧಾನ ಮಾತ್ರ ಇಬ್ಬರನ್ನು ಗುರುತಿಸುತ್ತದೆ: ಧಾರ್ಮಿಕ ಅಲ್ಪಸಂಖ್ಯಾತರು ಮತ್ತು ಭಾಷಾ ಅಲ್ಪಸಂಖ್ಯಾತರು. ಉಪ್ಪಳದ ಒಂದು ಬ್ಯಾರಿ ಕುಟುಂಬ ಎರಡೂ ಹೌದು. ಎರಡಕ್ಕೂ ಬೇರೆ ಬೇರೆ ರಕ್ಷಣೆಗಳಿವೆ. ನಾವು ಮೊದಲನೆಯದನ್ನು ಕೇಳಿ ಪಡೆಯುತ್ತೇವೆ, ಎರಡನೆಯದು ಇದೆ ಎಂಬುದೇ ಹಲವರಿಗೆ ಗೊತ್ತಿಲ್ಲ.

ಯಾರು ಅಲ್ಪಸಂಖ್ಯಾತರು ಎಂಬುದನ್ನು ಇಡೀ ದೇಶದ ಲೆಕ್ಕದಲ್ಲಿ ನೋಡಬೇಕೋ, ರಾಜ್ಯದ ಲೆಕ್ಕದಲ್ಲೋ? ಈ ಪ್ರಶ್ನೆಗೆ ಸುಪ್ರೀಂ ಕೋರ್ಟಿನ 11 ನ್ಯಾಯಾಧೀಶರ ಪೀಠ 2002ರಲ್ಲಿ ಉತ್ತರ ಕೊಟ್ಟಿತು. ಆ ಪ್ರಕರಣ ನಮ್ಮ ಕರಾವಳಿಯದ್ದೇ, ಮಣಿಪಾಲದ ಟಿ.ಎಂ.ಎ. ಪೈ ಫೌಂಡೇಶನ್ ಹೂಡಿದ್ದು. ರಾಜ್ಯವನ್ನೇ ಘಟಕವಾಗಿ ನೋಡಬೇಕು ಎಂದು ಕೋರ್ಟ್ ಹೇಳಿತು. ಹಾಗಾಗಿ ಕೇರಳದಲ್ಲಿ ಕನ್ನಡಿಗರು ಭಾಷಾ ಅಲ್ಪಸಂಖ್ಯಾತರು, ಕರ್ನಾಟಕದಲ್ಲಿ ಮಲಯಾಳಿಗಳು. ಕರ್ನಾಟಕದ ಉರ್ದು ಶಾಲೆಗೂ, ಬೆಳಗಾವಿಯ ಮರಾಠಿ ಶಾಲೆಗೂ, ಮಹಾರಾಷ್ಟ್ರದ ಅಕ್ಕಲಕೋಟೆ, ಜತ್ತದ ಕನ್ನಡ ಶಾಲೆಗೂ ಅನ್ವಯಿಸುವುದು ಇದೇ ಲೆಕ್ಕ.

ಸಂವಿಧಾನದಲ್ಲಿ ಬರೆದಿರುವುದೇನು?

ನಾಲ್ಕು ವಿಧಿಗಳನ್ನು ನೆನಪಿಟ್ಟುಕೊಂಡರೆ ಸಾಕು.

29ನೇ ವಿಧಿ: ತನ್ನದೇ ಆದ ಭಾಷೆ, ಲಿಪಿ, ಸಂಸ್ಕೃತಿ ಇರುವ ಯಾವುದೇ ನಾಗರಿಕ ಸಮೂಹಕ್ಕೆ ಅದನ್ನು ಉಳಿಸಿಕೊಳ್ಳುವ ಹಕ್ಕಿದೆ.

30ನೇ ವಿಧಿ: ಧಾರ್ಮಿಕ ಮತ್ತು ಭಾಷಾ ಅಲ್ಪಸಂಖ್ಯಾತರಿಗೆ ತಮಗೆ ಬೇಕಾದ ಶಿಕ್ಷಣ ಸಂಸ್ಥೆಗಳನ್ನು ಕಟ್ಟಿ ನಡೆಸುವ ಹಕ್ಕಿದೆ.

350ಎ ವಿಧಿ: ಭಾಷಾ ಅಲ್ಪಸಂಖ್ಯಾತ ಗುಂಪಿನ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ಸಾಕಷ್ಟು ಸೌಲಭ್ಯ ಒದಗಿಸಲು ಪ್ರತಿ ರಾಜ್ಯವೂ, ಪ್ರತಿ ಸ್ಥಳೀಯಾಡಳಿತವೂ ಪ್ರಯತ್ನಿಸಬೇಕು. ಬೇಕಾದರೆ ರಾಷ್ಟ್ರಪತಿಗಳು ರಾಜ್ಯಕ್ಕೆ ನಿರ್ದೇಶನ ಕೊಡಬಹುದು.

350ಬಿ ವಿಧಿ: ಈ ರಕ್ಷಣೆಗಳು ಜಾರಿಯಾಗುತ್ತಿವೆಯೇ ಎಂದು ನೋಡಿ ರಾಷ್ಟ್ರಪತಿಗಳಿಗೆ ವರದಿ ಕೊಡಲು ಒಬ್ಬ ವಿಶೇಷ ಅಧಿಕಾರಿ ಇರಬೇಕು. ಇವರನ್ನೇ ಭಾಷಾ ಅಲ್ಪಸಂಖ್ಯಾತರ ಆಯುಕ್ತರು ಎನ್ನುತ್ತಾರೆ.

ಮೊದಲ ಎರಡು ವಿಧಿಗಳು ಮೂಲ ಸಂವಿಧಾನದಲ್ಲೇ ಇದ್ದವು. ಕೊನೆಯ ಎರಡು 1956ರ ಏಳನೇ ತಿದ್ದುಪಡಿಯಲ್ಲಿ ಸೇರಿದವು. ನ್ಯಾಯಮೂರ್ತಿ ಫಝಲ್ ಅಲಿ ಅಧ್ಯಕ್ಷರಾಗಿದ್ದ ರಾಜ್ಯ ಪುನರ್ವಿಂಗಡಣಾ ಆಯೋಗಕ್ಕೆ ಒಂದು ವಿಷಯ ಸ್ಪಷ್ಟವಿತ್ತು: ಗೆರೆ ಎಲ್ಲೇ ಎಳೆದರೂ ಯಾರಾದರೂ ತಪ್ಪು ಬದಿಯಲ್ಲಿ ಉಳಿದೇ ಉಳಿಯುತ್ತಾರೆ. ಹಾಗೆ ಉಳಿದವರ ಮಕ್ಕಳಿಗಾಗಿ ಬಂದದ್ದು 350ಎ. ಕಾಸರಗೋಡಿನ ಮಗುವಿಗೆ ಇದು ಯಾರೋ ಕೊಟ್ಟ ದಾನವಲ್ಲ, ಅದೇ 1956ರಲ್ಲಿ ಗೆರೆ ಎಳೆದವರು ಜೊತೆಗೇ ಬರೆದುಕೊಟ್ಟ ಮಾತು.

ಆದರೆ ಒಂದು ಶಬ್ದವನ್ನು ಗಮನಿಸಿ: "ಪ್ರಯತ್ನಿಸಬೇಕು". 29 ಮತ್ತು 30 ಮೂಲಭೂತ ಹಕ್ಕುಗಳು. 350ಎ ಆ ಭಾಗದಲ್ಲಿಲ್ಲ. ಅದು ಸರಕಾರಕ್ಕೆ ವಹಿಸಿದ ಹೊಣೆ. ಹೊಣೆ ನೆನಪಿಸುವವರು ಇಲ್ಲದಿದ್ದರೆ ಸರಕಾರ ಅದನ್ನು ಮರೆಯುವುದು ಸುಲಭ.

ಇದರ ಜೊತೆಗೆ 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ ಸಾಧ್ಯವಾದಷ್ಟೂ ಮಗುವಿನ ಮಾತೃಭಾಷೆಯೇ ಬೋಧನಾ ಮಾಧ್ಯಮವಾಗಿರಬೇಕು ಎನ್ನುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಸಾಧ್ಯವಿರುವ ಕಡೆ ಕನಿಷ್ಠ 5ನೇ ತರಗತಿವರೆಗೆ, ಆದರೆ 8ನೇ ತರಗತಿವರೆಗೆ, ಮನೆ ಮಾತು ಅಥವಾ ಮಾತೃಭಾಷೆ ಅಥವಾ ಸ್ಥಳೀಯ ಭಾಷೆಯಲ್ಲಿ ಕಲಿಕೆ ಇರಲಿ ಎಂದಿದೆ.

10 ಮತ್ತು 40ರ ಲೆಕ್ಕ

ಹಾಗಾದರೆ ಎಷ್ಟು ಮಕ್ಕಳಿದ್ದರೆ ಸೌಲಭ್ಯ ಕೊಡಬೇಕು? ಸಂವಿಧಾನ ಸಂಖ್ಯೆ ಹೇಳುವುದಿಲ್ಲ. ಅದು ಬಂದದ್ದು 1949ರ ಆಗಸ್ಟ್‌ನಲ್ಲಿ ನಡೆದ ಪ್ರಾಂತ್ಯಗಳ ಶಿಕ್ಷಣ ಸಚಿವರ ಸಮ್ಮೇಳನದ ನಿರ್ಣಯದಿಂದ. ಇಡೀ ಶಾಲೆಯಲ್ಲಿ ಆ ಭಾಷೆಯ 40 ಮಕ್ಕಳು ಅಥವಾ ಒಂದು ತರಗತಿಯಲ್ಲಿ 10 ಮಕ್ಕಳು ಇದ್ದರೆ, ಅವರಿಗೆ ಅವರ ಭಾಷೆಯಲ್ಲಿ ಕಲಿಸಲು ಕನಿಷ್ಠ ಒಬ್ಬ ಶಿಕ್ಷಕರನ್ನು ಕೊಡಬೇಕು. ರಾಜ್ಯಗಳು ಒಪ್ಪಿಕೊಂಡ ಸೂತ್ರ ಇದು.

ಅದೇ ನಿರ್ಣಯದಲ್ಲಿ ಇನ್ನೊಂದು ಮಾತಿದೆ, ನಮಗೆ ಅತಿ ಮುಖ್ಯವಾದದ್ದು. ಮಗುವಿನ ಮಾತೃಭಾಷೆ ಯಾವುದು ಎಂದು ತೀರ್ಮಾನಿಸುವವರು ಯಾರು? ಹೆಡ್‌ಮಾಸ್ತರರಲ್ಲ, ಎಇಒ ಅಲ್ಲ. ತಂದೆ ತಾಯಿ ಅಥವಾ ಪೋಷಕರು ಯಾವುದನ್ನು ಮಾತೃಭಾಷೆ ಎಂದು ಘೋಷಿಸುತ್ತಾರೋ ಅದೇ.

ಮುಂದೆ ಕರ್ನಾಟಕದ ಭಾಷಾ ನೀತಿಯ ಪ್ರಕರಣದಲ್ಲಿಯೂ ಇದೇ ಪ್ರಶ್ನೆ ಬಂತು. ಪ್ರಾಥಮಿಕ ಶಾಲೆಯಲ್ಲಿ ಮಾತೃಭಾಷೆ ಅಥವಾ ಕನ್ನಡ ಮಾಧ್ಯಮವೇ ಇರಬೇಕು ಎಂದು ಕರ್ನಾಟಕ ಸರಕಾರ 1994ರಲ್ಲಿ ಆದೇಶ ಮಾಡಿತ್ತು. ಖಾಸಗಿ ಶಾಲೆಗಳು ಕೋರ್ಟಿಗೆ ಹೋದವು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಐವರ ಸಂವಿಧಾನ ಪೀಠ ತೀರ್ಪು ಕೊಟ್ಟಿತು. ಮಾತೃಭಾಷಾ ಮಾಧ್ಯಮವನ್ನು ಸರಕಾರ ಹೇರುವಂತಿಲ್ಲ ಎಂಬುದು ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಅದರ ಜೊತೆಗಿದ್ದ ಇನ್ನೊಂದು ಅಂಶ ಅಷ್ಟು ಸುದ್ದಿಯಾಗಲಿಲ್ಲ. 350ಎ ವಿಧಿಯಲ್ಲಿ 'ಮಾತೃಭಾಷೆ' ಎಂದರೆ ಆ ರಾಜ್ಯದ ಭಾಷಾ ಅಲ್ಪಸಂಖ್ಯಾತ ಗುಂಪಿನ ಭಾಷೆ, ಮಗುವಿಗೆ ಅದು ಯಾವುದು ಎಂದು ನಿರ್ಧರಿಸುವುದು ಪೋಷಕರು ಎಂದು ಕೋರ್ಟ್ ಹೇಳಿತು.

ಕನ್ನಡದ ಮಟ್ಟಿಗೆ ಕರ್ನಾಟಕದಲ್ಲಿ ಇದು ಸೋಲು ಎಂದು ಹಲವರು ಬೇಸರಪಟ್ಟರು. ಗಡಿಯ ಆಚೆ ಅದೇ ತೀರ್ಪು ಪೋಷಕರ ಕೈಗೆ ಶಕ್ತಿ ಕೊಡುತ್ತದೆ. ಯಾವ ಸರಕಾರವೂ ನಿಮ್ಮ ಮಗುವಿನ ಮಾಧ್ಯಮವನ್ನು ನಿಮ್ಮ ಬದಲಿಗೆ ಆರಿಸುವಂತಿಲ್ಲ. ಆದರೆ ನೀವು ಆರಿಸದೆ ಕಾಲಂ ಖಾಲಿ ಬಿಟ್ಟರೆ, ಶಕ್ತಿಯೂ ಅಲ್ಲಿಗೇ ಮುಗಿಯಿತು.

ಆರನೇ ಕೆಲಸದ ದಿನ ಏನಾಗುತ್ತದೆ?

ಕಾನೂನು ಹೀಗೆ. ಇನ್ನು ಶಾಲೆಯ ವಾಸ್ತವ ನೋಡೋಣ.

ಕೇರಳದಲ್ಲಿ ಶಾಲೆ ತೆರೆದ ನಂತರ ಆರನೇ ಕೆಲಸದ ದಿನ ಮಕ್ಕಳ ಲೆಕ್ಕ ತೆಗೆಯುತ್ತಾರೆ. ಆ ದಿನದ ಸಂಖ್ಯೆಯ ಮೇಲೆಯೇ ಆ ವರ್ಷಕ್ಕೆ ಎಷ್ಟು ಡಿವಿಷನ್, ಎಷ್ಟು ಶಿಕ್ಷಕ ಹುದ್ದೆ ಎಂಬುದು ತೀರ್ಮಾನವಾಗುತ್ತದೆ. ಸಂಖ್ಯೆ ಕಡಿಮೆಯಾದರೆ ಡಿವಿಷನ್ ಹೋಗುತ್ತದೆ. ಟೀಚರುಗಳ ಬಾಯಲ್ಲಿ ಇದಕ್ಕೆ 'ಡಿವಿಷನ್ ಫಾಲ್' ಎಂದೇ ಹೆಸರು.

ಉದಾಹರಣೆಗೆ ಒಂದು ಶಾಲೆಯಲ್ಲಿ ಮಲಯಾಳಂ ಮತ್ತು ಕನ್ನಡ ಎರಡೂ ಮಾಧ್ಯಮ ಇದೆ ಅಂದುಕೊಳ್ಳಿ. ಈ ವರ್ಷ ಒಂದನೇ ತರಗತಿಯ ಕನ್ನಡ ವಿಭಾಗಕ್ಕೆ 12 ಮಕ್ಕಳು. ಮುಂದಿನ ವರ್ಷ ನಾಲ್ಕು ಮನೆಯವರು "ಕನ್ನಡದಲ್ಲಿ ಇನ್ನೇನಿದೆ" ಅಂತ ಇಂಗ್ಲಿಷ್ ಮೀಡಿಯಂಗೆ ಹೋದರು. ಉಳಿದದ್ದು ಎಂಟು. ಹುದ್ದೆ ಅಲುಗಾಡತೊಡಗಿತು. ಇದ್ದ ಟೀಚರ್ ನಿವೃತ್ತರಾದಾಗ ಆ ಜಾಗಕ್ಕೆ ಯಾರೂ ಬರಲಿಲ್ಲ. ಎರಡು ತರಗತಿಗಳನ್ನು ಒಟ್ಟಿಗೆ ಕೂರಿಸಿದರು. ಇದನ್ನು ನೋಡಿ ಇನ್ನೂ ಮೂವರು ಪೋಷಕರು ಮಕ್ಕಳನ್ನು ಬಿಡಿಸಿದರು. ಯಾರೂ ಕನ್ನಡ ವಿಭಾಗವನ್ನು ಮುಚ್ಚಿ ಎಂದು ಆದೇಶ ಮಾಡಲಿಲ್ಲ. ಅದು ತಾನಾಗಿಯೇ ಬಾಗಿಲು ಹಾಕಿಕೊಂಡಿತು.

ಇಲ್ಲಿ ಎಂಟನೆಯ, ಒಂಬತ್ತನೆಯ ಮಗು ಎಷ್ಟು ಮುಖ್ಯ ನೋಡಿ. ಒಂದು ಮನೆಯ ತೀರ್ಮಾನ ಉಳಿದ ಏಳು ಮನೆಗಳ ಮಕ್ಕಳ ಮೇಲೆ ಬೀಳುತ್ತದೆ. ಇದಕ್ಕಾಗಿಯೇ ಭಾಷಾ ಅಲ್ಪಸಂಖ್ಯಾತರ ರಕ್ಷಣೆಗಳಲ್ಲಿ ಇನ್ನೂ ಎರಡು ಉಪಾಯಗಳನ್ನು ಸೇರಿಸಿದ್ದಾರೆ. ಒಂದು, ಶಾಲೆ ತೆರೆಯುವ ಮೊದಲೇ ಯಾರಿಗೆ ಯಾವ ಭಾಷೆಯ ಮಾಧ್ಯಮ ಬೇಕೋ ಅವರ ಹೆಸರು ಬರೆದಿಡುವ ಮುಂಗಡ ನೋಂದಣಿ ಪುಸ್ತಕ. ಇನ್ನೊಂದು, ಒಂದು ಶಾಲೆಯಲ್ಲಿ ಸಂಖ್ಯೆ ಸಾಲದಿದ್ದರೆ ಹತ್ತಿರದ ಶಾಲೆಗಳ ಮಕ್ಕಳನ್ನು ಸೇರಿಸಿ ಒಂದು ಕಡೆ ತರಗತಿ ನಡೆಸುವ ಹೊಂದಾಣಿಕೆ. ಎರಡೂ ಕಾಗದದಲ್ಲಿವೆ. ನಿಮ್ಮ ಶಾಲೆಯಲ್ಲಿ ಆ ಪುಸ್ತಕ ಇದೆಯೇ ಎಂದು ಪಿಟಿಎ ಸಭೆಯಲ್ಲಿ ಒಮ್ಮೆ ಕೇಳಿ ನೋಡಿ.

ಟೀಚರಿಗೇ ಕನ್ನಡ ಬರದಿದ್ದರೆ?

ಕಾಸರಗೋಡಿನಲ್ಲಿ ವರ್ಷ ವರ್ಷವೂ ಏಳುವ ದೂರು ಇದು. ಕನ್ನಡ ಮಾಧ್ಯಮದ ಹುದ್ದೆಗೆ ಕನ್ನಡ ಸರಿಯಾಗಿ ಬಾರದ ಶಿಕ್ಷಕರು ನೇಮಕವಾಗಿ ಬಂದಾಗ ಮಕ್ಕಳು, ಪೋಷಕರು ಗೇಟಿನ ಹತ್ತಿರ ಪ್ರತಿಭಟನೆಗೆ ಕೂತ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ.

"ಗಣಿತಕ್ಕೆ ಭಾಷೆ ಯಾಕೆ, ಲೆಕ್ಕ ಎಲ್ಲ ಕಡೆ ಒಂದೇ ಅಲ್ವಾ?" ಎಂದು ಕೇಳುವವರಿದ್ದಾರೆ. ಒಂದು ಸಣ್ಣ ಉದಾಹರಣೆ ಸಾಕು. ಕನ್ನಡ ಮಾಧ್ಯಮದ ಮಗು 'ಲ.ಸಾ.ಅ.' ಎಂದು ಕಲಿಯುವುದನ್ನು ಮಲಯಾಳಂನಲ್ಲಿ 'ಲ.ಸಾ.ಗು.' ಎನ್ನುತ್ತಾರೆ. ಕನ್ನಡದ 'ಮ.ಸಾ.ಅ.' ಮಲಯಾಳಂನಲ್ಲಿ 'ಉ.ಸಾ.ಘ.'. ಟೀಚರ್ ಬೋರ್ಡಿನಲ್ಲಿ ಹೇಳುವುದು ಒಂದು, ಪುಸ್ತಕದಲ್ಲಿರುವುದು ಇನ್ನೊಂದು, ಪರೀಕ್ಷೆಯಲ್ಲಿ ಬರುವುದು ಪುಸ್ತಕದಲ್ಲಿರುವ ಪದ. ಮಗು ಎದ್ದು ನಿಂತು ಅನುಮಾನ ಕೇಳಿದರೆ ಟೀಚರಿಗೆ ಪ್ರಶ್ನೆ ಅರ್ಥವಾಗುವುದಿಲ್ಲ. ಎರಡು ಸಲ ಹೀಗಾದರೆ ಮೂರನೇ ಸಲ ಮಗು ಕೇಳುವುದನ್ನೇ ಬಿಡುತ್ತದೆ. ಆ ಟೀಚರಿನದ್ದೂ ಇಲ್ಲಿ ತಪ್ಪಲ್ಲ. ಅವರಿಗೆ ಕೆಲಸ ಬೇಕಿತ್ತು, ಬಂದರು. ತಪ್ಪು ಇರುವುದು ಆ ಹುದ್ದೆಗೆ ಕನ್ನಡದ ಅರಿವನ್ನು ನಿಜವಾಗಿ ಪರೀಕ್ಷಿಸದೆ ಕಳಿಸುವ ಕ್ರಮದಲ್ಲಿ.

ಇದೇ ಜಾಗದಲ್ಲಿ ನಮ್ಮ ಯುವಕರಿಗೆ ಒಂದು ಅವಕಾಶವೂ ಇದೆ. ಕನ್ನಡ ಮಾಧ್ಯಮದ ಹುದ್ದೆಗೆ ಕನ್ನಡ ಮಾಧ್ಯಮದಲ್ಲೇ ಓದಿದ ಅಭ್ಯರ್ಥಿ ಬೇಕು. ಶಾಲೆಯಲ್ಲಿ ಓದುವವರು ಕಡಿಮೆಯಾದರೆ ಹತ್ತು ವರ್ಷದ ನಂತರ ಅರ್ಜಿ ಹಾಕುವವರೂ ಇರುವುದಿಲ್ಲ. ಆಗ ಕನ್ನಡ ಬಾರದವರನ್ನು ನೇಮಿಸಲು ಇಲಾಖೆಗೆ ಕಾರಣ ಸಿಗುತ್ತದೆ.

ನಮ್ಮ ಮನೆ ಮಾತು ಬ್ಯಾರಿ ಅಲ್ವಾ? ಮತ್ತೆ ಕನ್ನಡ ಹೇಗೆ ಮಾತೃಭಾಷೆ?

ನ್ಯಾಯವಾದ ಪ್ರಶ್ನೆ. ಉಮ್ಮನ ಬಾಯಲ್ಲಿ ಬ್ಯಾರಿ, ಅಂಗಡಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳಂ, ಮದ್ರಸದಲ್ಲಿ ಅರಬಿ. ಐದು ಭಾಷೆಗಳ ನಡುವೆ ಬೆಳೆಯುವ ಮಗು ನಮ್ಮದು. ಇದು ಭಾರ ಅಲ್ಲ, ಆಸ್ತಿ. ಆದರೆ ಮೊದಲ ಅಕ್ಷರವನ್ನು ಯಾವ ಭಾಷೆಯ ಮೇಲೆ ನಿಲ್ಲಿಸಬೇಕು ಎಂಬ ಪ್ರಶ್ನೆ ಉಳಿಯುತ್ತದೆ.

ಓದುವುದು ಎಂದರೆ ಎರಡು ಕೆಲಸ. ಅಕ್ಷರವನ್ನು ಧ್ವನಿಯಾಗಿಸುವುದು ಒಂದು, ಆ ಧ್ವನಿಯಲ್ಲಿ ತನಗೆ ಗೊತ್ತಿರುವ ಪದವನ್ನು ಗುರುತಿಸುವುದು ಇನ್ನೊಂದು. 'ಮೀನು' ಎಂದು ಕೂಡಿಸಿ ಓದಿದ ಕೂಡಲೇ ಮಗುವಿನ ಮುಖ ಅರಳುವುದು ಮೀನು ಅದಕ್ಕೆ ಮೊದಲೇ ಗೊತ್ತಿರುವುದರಿಂದ. ಪದವೇ ಗೊತ್ತಿಲ್ಲದ ಭಾಷೆಯಲ್ಲಿ ಓದು ಶುರುವಾದರೆ ಮಗು ಅಕ್ಷರ ಕೂಡಿಸುತ್ತದೆ, ಅರ್ಥ ಸಿಗುವುದಿಲ್ಲ. ಬಾಯಿಪಾಠ ಶುರುವಾಗುವುದು ಅಲ್ಲಿಂದ. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯೇ ಇರಲಿ ಎಂದು ಯುನೆಸ್ಕೊ 1953ರಲ್ಲೇ ಹೇಳಿದ್ದರ ಹಿಂದಿನ ಸರಳ ವಿಚಾರ ಇದು.

ಬ್ಯಾರಿ ಮಾಧ್ಯಮದ ಶಾಲೆ ಎಲ್ಲೂ ಇಲ್ಲ. ಕರ್ನಾಟಕದಲ್ಲಿ 2007ರಲ್ಲಿ ಬ್ಯಾರಿ ಸಾಹಿತ್ಯ ಅಕಾಡೆಮಿ ಬಂತು, ಪುಸ್ತಕಗಳು ಬಂದವು, 'ಬ್ಯಾರಿ' ಚಿತ್ರಕ್ಕೆ ರಾಷ್ಟ್ರ ಪ್ರಶಸ್ತಿಯೂ ಬಂತು. ಆದರೂ ಒಂದನೇ ತರಗತಿಯ ಪಠ್ಯ ಬ್ಯಾರಿಯಲ್ಲಿಲ್ಲ. ಹೀಗಿರುವಾಗ ನಮ್ಮ ಮನೆಗಳಿಗೆ ತಲೆಮಾರುಗಳಿಂದ ಓದು ಬರಹದ ಭಾಷೆ ಕನ್ನಡವೇ ಆಗಿದೆ. ಲಗ್ನಪತ್ರಿಕೆ, ಜಮಾಅತಿನ ನೋಟಿಸು, ನೀವೀಗ ಓದುತ್ತಿರುವ ಈ ಲೇಖನ, ಎಲ್ಲವೂ ಕನ್ನಡದಲ್ಲಿ. ಕೇರಳದಲ್ಲಿ 350ಎ ರಕ್ಷಣೆ ಕೊಡುವುದು ಭಾಷಾ ಅಲ್ಪಸಂಖ್ಯಾತ ಗುಂಪಿನ ಭಾಷೆಗೆ, ತೀರ್ಮಾನ ಪೋಷಕರದ್ದು. ಹಾಗಾಗಿ ಬ್ಯಾರಿ ಕುಟುಂಬ ಕನ್ನಡವನ್ನು ಆರಿಸಿದರೆ ಅದರಲ್ಲಿ ಸುಳ್ಳೇನೂ ಇಲ್ಲ. ಮಾತೃಭಾಷೆ ಕಾಲಂನಲ್ಲಿ ಬ್ಯಾರಿ ಎಂದೇ ಬರೆಯಬೇಕು ಅನಿಸಿದರೆ ಬರೆಯಿರಿ, ಆದರೆ ಮಾಧ್ಯಮದ ಕಾಲಂನಲ್ಲಿ ಕನ್ನಡ ಎಂಬುದು ಸ್ಪಷ್ಟವಾಗಿರಲಿ.

ಇಷ್ಟಕ್ಕೇ ಟೀಚರಿನ ಕೆಲಸ ಮುಗಿಯುವುದಿಲ್ಲ. ಒಂದು ಸಂಗತಿ ನಮಗೆಲ್ಲ ಗೊತ್ತಿರುವುದೇ. ನಮ್ಮ ಮಾತಿನಲ್ಲಿ ಸಾಮಾನ್ಯವಾಗಿ 'ಳ' ಮತ್ತು 'ಣ' ಧ್ವನಿಗಳಿಲ್ಲ, ಅವುಗಳ ಜಾಗದಲ್ಲಿ 'ಲ' ಮತ್ತು 'ನ' ಬರುತ್ತವೆ. ಹಾಗಾಗಿ ನಮ್ಮ ಮಗು 'ಹಳ್ಳಿ'ಯನ್ನು 'ಹಲ್ಲಿ' ಎನ್ನುತ್ತದೆ, 'ಹಣ'ವನ್ನು 'ಹನ' ಎಂದು ಬರೆಯುತ್ತದೆ. ತರಗತಿಯಲ್ಲಿ ನಗು ಏಳುತ್ತದೆ. ಬ್ಯಾರಿ ಗೊತ್ತಿಲ್ಲದ ಟೀಚರ್ ಇದನ್ನು ದಡ್ಡತನ ಎಂದು ಬರೆದುಕೊಳ್ಳುತ್ತಾರೆ. ಗೊತ್ತಿರುವ ಟೀಚರಿಗೆ ಇದು ತಪ್ಪಲ್ಲ, ಮಗು ತನ್ನ ಮನೆ ಮಾತಿನ ನಿಯಮವನ್ನು ಸರಿಯಾಗಿ ಪಾಲಿಸುತ್ತಿದೆ ಎಂದು ತಿಳಿಯುತ್ತದೆ. ಎರಡು ಧ್ವನಿಗಳನ್ನು ಅಕ್ಕಪಕ್ಕ ಇಟ್ಟು ಕೇಳಿಸಿ, ನಾಲಿಗೆ ಎಲ್ಲಿ ಮಡಚಬೇಕು ಎಂದು ತೋರಿಸಿದರೆ ಮಗು ಬೇಗ ಹಿಡಿಯುತ್ತದೆ. ಹೀಗೆ ಮೊದಲ ಒಂದೆರಡು ವರ್ಷ ಬ್ಯಾರಿಯನ್ನು ಸೇತುವೆಯಾಗಿ ಬಳಸಿ ಕನ್ನಡಕ್ಕೆ ದಾಟಿಸಲು ಯಾವ ಹೊಸ ಕಾನೂನೂ ಬೇಡ.

ಒಡಿಶಾ ಸರಕಾರ 2006–07ರಲ್ಲಿ ಇದನ್ನೇ ದೊಡ್ಡದಾಗಿ ಮಾಡಿತು. ಸಾಂತಾಲಿ, ಸವರ, ಕುಯಿ, ಕೋಯ ಸೇರಿ 10 ಬುಡಕಟ್ಟು ಭಾಷೆಗಳಲ್ಲಿ ಒಂದನೇ ತರಗತಿ ಶುರು ಮಾಡಿ ನಿಧಾನಕ್ಕೆ ಒಡಿಯಾಕ್ಕೆ ದಾಟಿಸುವ ಕಾರ್ಯಕ್ರಮ ಅದು. ಹೆಚ್ಚಿನ ಭಾಷೆಗಳಿಗೆ ಪುಸ್ತಕವನ್ನು ಒಡಿಯಾ ಲಿಪಿಯಲ್ಲೇ ಬರೆದರು.

ಇಷ್ಟು ದೂರ ಹೋಗುವುದೂ ಬೇಡ. ಈ ದಾರಿ ನಮ್ಮ ಹಿರಿಯರಿಗೆ ಮೊದಲೇ ಗೊತ್ತಿತ್ತು. ಮಲಬಾರಿನಿಂದ ನಮ್ಮ ಕರಾವಳಿಯವರೆಗೆ ಮದ್ರಸಗಳಲ್ಲಿ ಬಳಕೆಯಲ್ಲಿದ್ದ ಅರಬಿ ಮಲಯಾಳಂ ಏನು? ಲಿಪಿ ಅರಬಿ, ಮಾತು ಮನೆಯ ಮಾತಿಗೆ ಹತ್ತಿರದ್ದು. ಅರಬಿ ಭಾಷೆ ಬಾರದ ಮಗುವಿಗೆ ಅದಕ್ಕೆ ತಿಳಿಯುವ ಮಾತಿನಲ್ಲಿ ಹೇಳದಿದ್ದರೆ ತಲೆಗೆ ಹತ್ತುವುದಿಲ್ಲ ಎಂದು ಉಸ್ತಾದರುಗಳು ಅರಿತಿದ್ದರು. ಇವತ್ತಿಗೂ ಮದ್ರಸದಲ್ಲಿ ಪಾಠ ಅರ್ಥ ಮಾಡಿಸುವುದು ಮನೆ ಮಾತಿನಲ್ಲೇ. ಶಾಲೆಗೂ ಅದೇ ಬುದ್ಧಿ ಬೇಕು.

"ಇಂಗ್ಲಿಷ್ ಬೇಡವಾ? ಮಲಯಾಳಂ ಬೇಡವಾ?"

ಬೇಕು, ಎರಡೂ ಬೇಕು. ಇಲ್ಲಿ ಒಂದು ವ್ಯತ್ಯಾಸವನ್ನು ಸ್ಪಷ್ಟ ಮಾಡಿಕೊಳ್ಳಬೇಕು. ಭಾಷೆಯನ್ನು ವಿಷಯವಾಗಿ ಕಲಿಯುವುದು ಬೇರೆ, ಭಾಷೆಯ ಮೂಲಕ ಗಣಿತ, ವಿಜ್ಞಾನ ಕಲಿಯುವುದು ಬೇರೆ. ಮಾಧ್ಯಮ ಎಂದರೆ ಎರಡನೆಯದು.

ಕೇರಳದಲ್ಲಿ ಬದುಕುವ ಮಗುವಿಗೆ ಮಲಯಾಳಂ ಬರಲೇಬೇಕು. ಆಸ್ಪತ್ರೆ, ಪಂಚಾಯತ್, ಪಿಎಸ್‌ಸಿ ಎಲ್ಲದಕ್ಕೂ ಅದು ಬೇಕು. ಬ್ಯಾರಿ ಮಕ್ಕಳಿಗಂತೂ ಮಲಯಾಳಂ ಬೇಗ ಹತ್ತುತ್ತದೆ, ಎರಡೂ ಹತ್ತಿರದ ಭಾಷೆಗಳು. 2017ರಲ್ಲಿ ಶಾಲೆಗಳಲ್ಲಿ ಮಲಯಾಳಂ ಕಡ್ಡಾಯಗೊಳಿಸುವ ಕಾನೂನು ಬಂದಾಗ ಕಾಸರಗೋಡಿನ ಕನ್ನಡಿಗರು ಬೀದಿಗಿಳಿದರು. ಅವರಲ್ಲಿ ಮಲಯಾಳಂ ಮಾತಾಡಬಲ್ಲವರು ಎಷ್ಟೋ ಮಂದಿ. ಅವರಿಗಿದ್ದ ಆತಂಕ ಕಡ್ಡಾಯದ ಹೆಸರಿನಲ್ಲಿ ಕನ್ನಡದ ಜಾಗ ಕಿರಿದಾಗುತ್ತದೆ ಎಂಬುದು. ಕಲಿಯುವುದಕ್ಕೂ ಜಾಗ ಬಿಟ್ಟುಕೊಡುವುದಕ್ಕೂ ವ್ಯತ್ಯಾಸವಿದೆ.

ಇಂಗ್ಲಿಷಿನ ಆಸೆಯೂ ತಪ್ಪಲ್ಲ. ಗಲ್ಫಿಗೆ ಹೋಗಿ ಬಂದ ಉಪ್ಪನಿಗೆ ಇಂಗ್ಲಿಷ್ ಇಲ್ಲದ ಕಷ್ಟ ಏನು ಎಂದು ಗೊತ್ತು. ಆ ಕಷ್ಟ ಮಗನಿಗೆ ಬೇಡ ಎಂಬುದು ಅವರ ಆಸೆ. ಆದರೆ ಇಂಗ್ಲಿಷ್ ಚೆನ್ನಾಗಿ ಬರುವ ಟೀಚರ್ ಇಲ್ಲದ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಮಗುವಿಗೆ ಇಂಗ್ಲಿಷೂ ಬರಲ್ಲ, ವಿಜ್ಞಾನವೂ ಬರಲ್ಲ. ಒಂದು ಭಾಷೆಯಲ್ಲಿ ಗಟ್ಟಿಯಾಗಿ ಓದಲು ಕಲಿತ ಮಗು ಎರಡನೆಯದನ್ನು ಅದರ ಮೇಲೆ ಕಟ್ಟಿಕೊಳ್ಳುತ್ತದೆ. ಕನ್ನಡ ಮಾಧ್ಯಮದ ಶಾಲೆಯಲ್ಲಿ ಇಂಗ್ಲಿಷ್ ವಿಷಯಕ್ಕೆ ಒಳ್ಳೆಯ ಟೀಚರ್ ಬೇಕು ಎಂದು ಹಟ ಹಿಡಿಯುವುದು ಹೆಚ್ಚು ಲಾಭದ ದಾರಿ.

ಸಾರಾ ಅಬೂಬಕ್ಕರ್ ಅವರನ್ನು ನೆನೆಯಿರಿ. ಹುಟ್ಟಿದ್ದು ಕಾಸರಗೋಡಿನಲ್ಲಿ, 1936ರಲ್ಲಿ. ಮನೆ ಮಾತು ಮಲಯಾಳಂ, ಓದಿದ್ದು ಕನ್ನಡ. ಆ ಭಾಗದ ಮುಸ್ಲಿಂ ಹೆಣ್ಣುಮಕ್ಕಳಲ್ಲಿ ಹೈಸ್ಕೂಲ್ ಮೆಟ್ಟಿಲು ಹತ್ತಿದ ಮೊದಲಿಗರಲ್ಲಿ ಒಬ್ಬರು. 'ಚಂದ್ರಗಿರಿಯ ತೀರದಲ್ಲಿ' ಬರೆದು ನಮ್ಮ ಮನೆಗಳ ಒಳಗಿನ ನೋವನ್ನು ಇಡೀ ನಾಡಿಗೆ ಓದಿಸಿದರು, ಮಲಯಾಳಂನಿಂದ ಕನ್ನಡಕ್ಕೆ ಅನುವಾದಗಳನ್ನೂ ಮಾಡಿದರು. ಕನ್ನಡ ಶಾಲೆ ಅವರಿಂದ ಮಲಯಾಳಂ ಕಿತ್ತುಕೊಳ್ಳಲಿಲ್ಲ. ಊರಲ್ಲಿ ಒಂದು ಕನ್ನಡ ಶಾಲೆ ಇದ್ದುದರಿಂದ ಕನ್ನಡಕ್ಕೆ ಒಬ್ಬ ಲೇಖಕಿ ಸಿಕ್ಕಿದರು.

ನಾವು ಈಗ ಮಾಡಬಹುದಾದದ್ದು

ಗಡಿನಾಡಿನಲ್ಲಿರುವ ಪೋಷಕರಿಗೆ, ಯುವಕ ಸಂಘಗಳಿಗೆ ಕೆಲವು ನೇರ ಕೆಲಸಗಳಿವೆ.

1. ಅಡ್ಮಿಷನ್ ಫಾರಂನ ಎರಡೂ ಕಾಲಂಗಳನ್ನು ನೀವೇ ತುಂಬಿಸಿ. ಒಂದು ಪ್ರತಿಯನ್ನು ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ.

2. ಏಪ್ರಿಲ್, ಮೇ ತಿಂಗಳಲ್ಲೇ ನಿಮ್ಮ ಮೊಹಲ್ಲಾದಲ್ಲಿ ಒಂದನೇ ತರಗತಿಗೆ ಹೋಗುವ ಮಕ್ಕಳ ಪಟ್ಟಿ ಮಾಡಿ. 10 ಮಕ್ಕಳು ಇದ್ದರೆ ಕನ್ನಡ ವಿಭಾಗ ಬೇಕೆಂದು ಪೋಷಕರೆಲ್ಲ ಸಹಿ ಹಾಕಿ ಹೆಡ್‌ಮಾಸ್ತರರಿಗೂ ಎಇಒ ಕಚೇರಿಗೂ ಲಿಖಿತ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ಈ ಅರ್ಜಿ ಕನ್ನಡದಲ್ಲೇ ಇರಬಹುದು. ಸರಕಾರದೊಂದಿಗೆ ತಮ್ಮ ಭಾಷೆಯಲ್ಲಿ ವ್ಯವಹರಿಸಲು ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ಅವಕಾಶ ಕೊಟ್ಟಿದೆ.

3. ಆರನೇ ಕೆಲಸದ ದಿನದ ಲೆಕ್ಕದಲ್ಲಿ ನಿಮ್ಮ ಮಗುವಿನ ಹೆಸರು ಸರಿಯಾದ ಮಾಧ್ಯಮದಲ್ಲಿದೆಯೇ ಎಂದು ನೋಡಿ. ಮದುವೆ, ಉಮ್ರಾ, ಪ್ರವಾಸ ಎಂದು ಆ ವಾರ ಮಗುವನ್ನು ರಜೆ ಹಾಕಿಸಬೇಡಿ.

4. ಹುದ್ದೆ ಖಾಲಿ ಇದ್ದರೆ ಅಥವಾ ಕನ್ನಡ ಬಾರದವರು ನೇಮಕವಾದರೆ, ಪಿಟಿಎ ನಿರ್ಣಯ ಮಾಡಿ ಇಲಾಖೆಗೆ ಕಳಿಸಿ. ಮಾಹಿತಿ ಹಕ್ಕಿನಲ್ಲಿ ಹುದ್ದೆಯ ವಿವರ ಕೇಳಿ. ಉತ್ತರ ಸಿಗದಿದ್ದರೆ ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೆ ದೂರು ಕೊಡಿ.

5. ಶಿಕ್ಷಕ ತರಬೇತಿಗೆ ಹೋಗುವ ಹುಡುಗ ಹುಡುಗಿಯರನ್ನು ಜಮಾಅತ್, ಸಂಘಗಳು ಗುರುತಿಸಲಿ. ಬ್ಯಾರಿ, ಕನ್ನಡ, ಮಲಯಾಳಂ ಮೂರೂ ಬರುವ ಒಬ್ಬ ಟೀಚರ್ ಗಡಿನಾಡಿನ ಶಾಲೆಗೆ ನಾಲ್ಕು ಭಾಷಣಗಳಿಗಿಂತ ಹೆಚ್ಚು ಉಪಕಾರ.

6. ಮಗುವಿನ ಓದಿನ ದಾಖಲೆಗಳನ್ನು ಜೋಪಾನವಾಗಿಡಿ. ಕರ್ನಾಟಕದ ವೃತ್ತಿ ಕೋರ್ಸುಗಳಿಗೆ ಗಡಿನಾಡ ಕನ್ನಡಿಗರಿಗೆ ಅವಕಾಶ ಕೊಡುವ ನಿಯಮಗಳಿವೆ. ಎಲ್ಲಿ ಓದಿದ್ದು, ಎಷ್ಟು ವರ್ಷ ಓದಿದ್ದು, ಮಾತೃಭಾಷೆ ಯಾವುದು ಎಂಬ ದಾಖಲೆ ಅಲ್ಲಿ ಕೇಳುತ್ತಾರೆ. ಆಯಾ ವರ್ಷದ ಸಿಇಟಿ ಕೈಪಿಡಿಯನ್ನು ಮೊದಲೇ ಓದಿಕೊಳ್ಳಿ.

ಗಡಿಯ ಈಚೆ ಇರುವ ನಮಗೂ ಒಂದು ಪಾಲಿದೆ. ಕಾಸರಗೋಡಿನಲ್ಲಿ ಕನ್ನಡ ಶಾಲೆ ಉಳಿಯಬೇಕು ಎಂದು ಕೇಳುವ ಬಾಯಿಯೇ ಕರ್ನಾಟಕದ ಉರ್ದು, ತಮಿಳು, ಮರಾಠಿ ಶಾಲೆಗಳಿಗೂ ಟೀಚರ್ ಕೊಡಿ ಎಂದು ಕೇಳಬೇಕು. ವಿಧಿ ಒಂದೇ, ಮಕ್ಕಳ ಸಮಸ್ಯೆಯೂ ಒಂದೇ. ಇಲ್ಲಿ ಕೊಡದೆ ಅಲ್ಲಿ ಕೇಳಿದರೆ ಯಾರೂ ಕಿವಿಗೊಡುವುದಿಲ್ಲ.

ಒಂದು ಕನ್ನಡ ವಿಭಾಗ ಮುಚ್ಚಿದ ಮೇಲೆ ಅದನ್ನು ಮತ್ತೆ ತೆರೆಸುವುದು ಬಹಳ ಕಷ್ಟ. ಹುದ್ದೆ ಹೋಗಿರುತ್ತದೆ, ಟೀಚರ್ ಬೇರೆ ಕಡೆ ಹೋಗಿರುತ್ತಾರೆ, ಮಕ್ಕಳು ಹಂಚಿಹೋಗಿರುತ್ತಾರೆ. ಮುಚ್ಚದಂತೆ ನೋಡಿಕೊಳ್ಳುವುದು ಅಷ್ಟು ಕಷ್ಟವಲ್ಲ. ಹತ್ತು ಮನೆಗಳು ಒಟ್ಟಿಗೆ ಕೂತು ಒಂದು ಪಟ್ಟಿ ಮಾಡಿದರೆ ಸಾಕು, ಅದೂ ಜೂನ್ ಬರುವ ಮೊದಲು.